ನಕಲು ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಗ್ರೇಸ್ ಹಾಪರ್

ಇವತ್ತು ವೆಬ್‌ಸೈಟ್ ಕಟ್ಟುವವರಾಗಲಿ, ಸರ್ವರ್ ಸಿದ್ಧಪಡಿಸುವವರಾಗಲಿ ಎಲ್ಲವನ್ನೂ ಮೊದಲಿನಿಂದ ಬರೆಯೋದಿಲ್ಲ. ಲಾಗಿನ್‌ಗೊಂದು, ಡೇಟಾಬೇಸ್‌ಗೊಂದು ಅಂತ ಯಾರೋ ಬರೆದು ಪರೀಕ್ಷಿಸಿಟ್ಟ ಕೋಡ್ ತುಣುಕುಗಳನ್ನು ತಂದು ಜೋಡಿಸುತ್ತಾರೆ. ಈ ರೂಢಿಯ ಬೇರು ಹುಡುಕುತ್ತಾ ಹೋದರೆ ಸಿಗುವ ದೊಡ್ಡ ಹೆಸರು ಗ್ರೇಸ್ ಹಾಪರ್.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಎರಡನೇ ಮಹಾಯುದ್ಧ ಬಂತು. ನೌಕಾಪಡೆ ಸೇರಲು ಹೋದರೆ ವಯಸ್ಸು ಹೆಚ್ಚು, ತೂಕ ಕಡಿಮೆ ಅಂದರು. ಆದರೂ ಬಿಡದೆ, ವಿನಾಯಿತಿ ಪಡೆದು 1943ರಲ್ಲಿ ಸೇರಿದರು.

1944ರಲ್ಲಿ ಅವರನ್ನು ಹಾರ್ವರ್ಡ್‌ನ ಮಾರ್ಕ್-1 ಯಂತ್ರದ ಬಳಿಗೆ ಕಳಿಸಲಾಯಿತು. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅದಕ್ಕೆ ಆದೇಶ ಕೊಡಬೇಕಿತ್ತು. ಅಣುಬಾಂಬ್ ಯೋಜನೆಗೆ ಬೇಕಾದ ಲೆಕ್ಕಗಳೂ ಆ ಯಂತ್ರದಲ್ಲಿ ನಡೆದವು. ಹಾಪರ್ ಬದುಕನ್ನು ಹೊಗಳುವಾಗ ಈ ಯುದ್ಧದ ನೆರಳನ್ನು ಮರೆಮಾಚಬೇಕಿಲ್ಲ.

ಅಲ್ಲಿ ಹಾಪರ್ ಮತ್ತು ಸಹೋದ್ಯೋಗಿಗಳು ಸರಿಯಾಗಿ ಕೆಲಸ ಮಾಡಿದ ಆದೇಶಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದಿಡುತ್ತಿದ್ದರು. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಆದರೆ ಕೈಯಿಂದ ನಕಲು ಮಾಡುವಾಗ ಅಕ್ಷರ ತಪ್ಪುತ್ತಿತ್ತು. ಪ್ರತಿ ತುಣುಕನ್ನು ಹೊಸ ಜಾಗಕ್ಕೆ ಹೊಂದಿಸಲು ವಿಳಾಸಗಳನ್ನು ಕೂಡಬೇಕಾಗಿ ಬಂದಾಗ ಲೆಕ್ಕವೂ ತಪ್ಪುತ್ತಿತ್ತು. ಹಾಪರ್‌ಗೆ ಹೊಳೆದದ್ದು ಸರಳ ಸಂಗತಿ: ನಕಲು ಮಾಡೋದು, ಕೂಡೋದು ಎರಡೂ ಯಂತ್ರಕ್ಕೆ ಚೆನ್ನಾಗಿ ಬರುವ ಕೆಲಸ, ಅದನ್ನು ಮನುಷ್ಯರು ಯಾಕೆ ಮಾಡಬೇಕು?

1949ರಲ್ಲಿ ಅವರು ಯೂನಿವ್ಯಾಕ್ ಕಟ್ಟುತ್ತಿದ್ದ ಕಂಪನಿ ಸೇರಿದರು. 1952ರ ಹೊತ್ತಿಗೆ ಅವರ ಎ-0 ವ್ಯವಸ್ಥೆ ಸಿದ್ಧವಾಯಿತು. ತುಣುಕುಗಳನ್ನು ಟೇಪ್‌ನಲ್ಲಿಟ್ಟು ಪ್ರತಿಯೊಂದಕ್ಕೂ ಒಂದು ಗುರುತು ಕೊಟ್ಟರು. ಗುರುತುಗಳನ್ನು ಸಾಲಾಗಿ ಬರೆದರೆ ಸಾಕು, ಯಂತ್ರವೇ ತುಣುಕುಗಳನ್ನು ಹುಡುಕಿ ತಂದು ಒಂದು ಪ್ರೋಗ್ರಾಂ ಆಗಿ ಹೊಂದಿಸುತ್ತಿತ್ತು. ಕಂಪೈಲರ್ ಎಂಬ ಹೆಸರು ಅದಕ್ಕೆ ಬಂದದ್ದು ಹೀಗೆ.

ಮುಂದಿನ ವರ್ಷ ಬಂದ ಎ-2ರದ್ದು ಇನ್ನೂ ದೊಡ್ಡ ಹೆಜ್ಜೆ. ಅದರ ಮೂಲ ಕೋಡನ್ನೇ ಗ್ರಾಹಕರಿಗೆ ಕೊಟ್ಟು, ಸುಧಾರಣೆ ಮಾಡಿದರೆ ವಾಪಸ್ ಕಳಿಸಿ ಅಂತ ಕೇಳಲಾಯಿತು. ಮುಕ್ತ ತಂತ್ರಾಂಶ ಚಳವಳಿ ಹುಟ್ಟಲು ಇನ್ನೂ ಮೂವತ್ತು ವರ್ಷ ಬಾಕಿಯಿತ್ತು.

ಆಮೇಲೆ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯುವಂತಾಗಬೇಕು ಅಂತ ಹಾಪರ್ ಹಟ ಹಿಡಿದರು. ಗಣಿತ ಬಲ್ಲ ಕೆಲವರಷ್ಟೇ ಯಂತ್ರವನ್ನು ಆಳಬಾರದು, ಗುಮಾಸ್ತರಿಗೂ ಅದು ದಕ್ಕಬೇಕು ಎಂಬುದು ಅವರ ನಿಲುವು. ಕಂಪ್ಯೂಟರ್‌ಗೆ ಇಂಗ್ಲಿಷ್ ಅರ್ಥವಾಗಲ್ಲ ಎಂದವರಿಗೆ ಅವರ ತಂಡದ ಫ್ಲೋ-ಮ್ಯಾಟಿಕ್ ಉತ್ತರವಾಯಿತು. 1959ರಲ್ಲಿ ರೂಪುಗೊಳ್ಳತೊಡಗಿದ ಕೊಬಾಲ್ ಭಾಷೆಗೆ ಅದೇ ಮುಖ್ಯ ತಳಹದಿ. ಹಲವು ಬ್ಯಾಂಕುಗಳ ಹಳೆಯ ವ್ಯವಸ್ಥೆಗಳು ಈಗಲೂ ಕೊಬಾಲ್ ಮೇಲೇ ಓಡುತ್ತಿವೆ.

1986ರಲ್ಲಿ 79ನೇ ವಯಸ್ಸಿಗೆ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದ ಹಾಪರ್ 1992ರ ಜನವರಿ 1ರಂದು ತೀರಿಕೊಂಡರು. ಗುಲಾಮಗಿರಿಯನ್ನು ಸಮರ್ಥಿಸಿದ್ದ ಜಾನ್ ಕ್ಯಾಲ್ಹೂನ್ ಹೆಸರಿನ ಕಾಲೇಜಿಗೆ ವಿದ್ಯಾರ್ಥಿಗಳ ಹೋರಾಟದ ನಂತರ 2017ರಲ್ಲಿ ಯೇಲ್ ಇಟ್ಟದ್ದು ಇವರ ಹೆಸರನ್ನೇ.

ಆದರೆ ಎ-2ರಲ್ಲಿದ್ದ ಕೊಡು-ಕೊಳ್ಳುವಿಕೆಯ ಅರ್ಧಭಾಗವನ್ನು ನಾವು ಮರೆತಿದ್ದೇವೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಪತ್ತೆಯಾದಾಗ, ಜಗತ್ತಿನ ಲಕ್ಷಾಂತರ ಸರ್ವರ್‌ಗಳು ನಂಬಿದ್ದ ಆ ಕೋಡನ್ನು ಕಾಯುತ್ತಿದ್ದವರು ಬೆರಳೆಣಿಕೆಯ ಜನ ಎಂಬುದು ಬಯಲಾಯಿತು. ದೈತ್ಯ ಕಂಪನಿಗಳೂ ಅದನ್ನು ಪುಕ್ಕಟೆಯಾಗಿ ಬಳಸುತ್ತಿದ್ದವು. ಹಂಚಿಕೊಂಡ ಕೋಡ್ ಎಲ್ಲರ ಸ್ವತ್ತು ಅನ್ನುವುದಾದರೆ, ಅದನ್ನು ಉಳಿಸಿಕೊಳ್ಳುವ ಖರ್ಚನ್ನು ಅದರಿಂದ ಲಾಭ ಮಾಡುವವರು ಹೊರಲೇಬೇಕು.