ಕೊರಡೂರಿನ ಆಶ್ರಮವಾಸಿ ಮೈಲಾರ ಮಹಾದೇವಪ್ಪನವರು

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೋಗುವ ಗಾಡಿಯು ಹಾವೇರಿಯಲ್ಲಿ ನಿಂತಾಗ ಪ್ರಯಾಣಿಕರೆಲ್ಲರೂ ನಿಲ್ದಾಣದ ಹಲಗೆಯ ಮೇಲೆ ಮೈಲಾರ ಮಹಾದೇವಪ್ಪನವರ ಹೆಸರನ್ನು ಕಾಣುತ್ತಾರೆ. ಪರಸರಕಾರದ ರೈಲು ನಿಲ್ದಾಣಗಳಿಗೆ ಬೆಂಕಿಯಿಟ್ಟ ತಂಡದ ನಾಯಕನ ಹೆಸರನ್ನು ಸ್ವರಾಜ್ಯದ ರೈಲು ನಿಲ್ದಾಣವೊಂದು ಹೊತ್ತು ನಿಂತಿರುವುದು ಕಾಲದ ವಿನೋದವೇ ಸರಿ. 2018ರಲ್ಲಿ ಅಂಚೆಯ ಇಲಾಖೆಯು ಅವರ ಚಿತ್ರದ ಚೀಟಿಯನ್ನೂ ಹೊರಡಿಸಿತು. ಗುಂಡಿಗೆ ಎದೆಯೊಡ್ಡಿದ ವೀರರೆಂದು ನಾಡು ಅವರನ್ನು ನೆನೆಯುತ್ತದೆ; ಅದು ಯುಕ್ತವೂ ಹೌದು. ಆದರೆ ಆ ಕಡೆಯ ಎಂಟು ತಿಂಗಳ ಪ್ರಖರತೆಯಲ್ಲಿ, ಅವರು ಹಳ್ಳಿಯೊಂದರಲ್ಲಿ ಕುಳಿತು ರಾಟಿ ತಿರುಗಿಸಿದ ವರ್ಷಗಳು ಮರೆಯಾಗಿ ಹೋಗಿವೆ. ಪಟ್ಟಣದ ಸಂಬಳವನ್ನು ತೊರೆದು, ಹಳ್ಳಿಗೆ ಹೋಗಿ, ನಾಲ್ಕು ಜನ ಕೂಡಿ ಸ್ವಾವಲಂಬಿಗಳಾಗಿ ಬಾಳುವೆವೆಂದು ಹೊರಡುವ ವಿದ್ಯಾವಂತ ತರುಣರು ಇಂದು ಮತ್ತೆ ಕಾಣಿಸಿಕೊಳ್ಳುತ್ತಿರುವುದರಿಂದ, ಆ ವರ್ಷಗಳ ವಿಚಾರವನ್ನೇ ವಾಚಕರ ಮುಂದಿಡಬಯಸುತ್ತೇವೆ.

ಮಹಾದೇವಪ್ಪನವರು ಜನಿಸಿದ್ದು 1911ನೆಯ ಇಸವಿ ಜೂನ್ 8ರಂದು, ಬ್ಯಾಡಗಿಯ ಹತ್ತಿರದ ಮೋಟೆಬೆನ್ನೂರಿನಲ್ಲಿ. ಅಂದು ಆ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ತಂದೆ ಮಾರ್ತಂಡಪ್ಪನವರು, ತಾಯಿ ಬಸಮ್ಮನವರು. ಊರಿನ ಶಾಲೆಯಲ್ಲಿಯೂ ಹಂಸಭಾವಿಯಲ್ಲಿಯೂ ಓದಿದ ಹುಡುಗನಿಗೆ ಖಾದಿಯ ಹುಚ್ಚು ಹಿಡಿಯಿತು. ಆ ಹುಚ್ಚು ಅವನನ್ನು ಸಾಬರಮತಿಗೆ ಒಯ್ದಿತು.

ಸಾಬರಮತಿಯ ಆಶ್ರಮವು ದೂರದಿಂದ ನೋಡುವವರಿಗೆ ತಪೋವನದಂತೆ ಕಂಡರೂ ಒಳಗಿದ್ದವರಿಗೆ ಅದೊಂದು ಕಠಿಣವಾದ ಕಾರ್ಖಾನೆಯಾಗಿದ್ದಿತು. ನಸುಕಿನ ಪ್ರಾರ್ಥನೆ, ಸಾಮಾನ್ಯ ಪಾಕಶಾಲೆ, ತಮ್ಮ ಪಾಯಖಾನೆಯನ್ನು ತಾವೇ ತೊಳೆಯುವುದು, ಪ್ರತಿಯೊಂದು ಕಾಸಿಗೂ ಲೆಕ್ಕ. 1930ನೆಯ ಮಾರ್ಚ್ 12ರಂದು ಮಹಾತ್ಮರು ದಾಂಡಿಗೆ ಹೊರಟಾಗ ಆರಿಸಿಕೊಂಡ ಅನುಯಾಯಿಗಳಲ್ಲಿ ಹದಿನೆಂಟು ವರ್ಷದ ಈ ಕನ್ನಡಿಗನೂ ಒಬ್ಬನು. ಸುಮಾರು 240 ಮೈಲಿಗಳ ಆ ನಡಿಗೆಯಲ್ಲಿ ಸಹ ಪ್ರತಿಯೊಬ್ಬನೂ ದಿನಕ್ಕೆ 160 ತಾರು ನೂಲಬೇಕು, ದಿನಚರಿ ಬರೆಯಬೇಕು ಎಂಬ ಕಟ್ಟಳೆಯಿದ್ದಿತು. ಹಗಲೆಲ್ಲ ನಡೆದು ದಣಿದವನು ಸಂಜೆಗೆ ತಕಲಿ ಹಿಡಿದು ಕೂಡಬೇಕಾದ ಈ ಶಿಕ್ಷಣವು ಅವರಿಗೆ ಮುಂದೆ ಕೊರಡೂರಿನಲ್ಲಿ ಉಪಯೋಗಕ್ಕೆ ಬಂದಿರಬೇಕು. ಪತ್ನಿ ಸಿದ್ದಮ್ಮನವರು ಕೂಡ ಸಾಬರಮತಿಗೆ ಹೋಗಿ ಆಶ್ರಮವಾಸ ಮಾಡಿದರು; ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡರು. ಗಂಡನ ಧ್ಯೇಯಕ್ಕೆ ಹೆಂಡತಿಯು ಬರಿಯ ಹಿಂಬಾಲಕಿಯಾಗದೆ ಜೊತೆಗಾರ್ತಿಯಾದದ್ದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ.

ಸೆರೆವಾಸಗಳ ನಡುವಣ ಬಿಡುವಿನಲ್ಲಿ ಮಹಾದೇವಪ್ಪನವರು ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಸೇವಾಶ್ರಮವನ್ನು ತೆರೆದರು. ನೂಲುವುದು, ಖಾದಿಯನ್ನು ಬೆಳೆಸುವುದು, ಗ್ರಾಮದ ಸೇವೆ, ತರುಣರನ್ನು ಅಣಿಗೊಳಿಸುವುದು, ಇವು ಅದರ ಉದ್ದೇಶಗಳು. ಹೇಳುವುದಕ್ಕೆ ಇವು ಸುಲಭವಾದ ಮಾತುಗಳು. ನಡೆಯಿಸುವುದು ಎಷ್ಟು ಕಷ್ಟವೆಂಬುದನ್ನು ಪೇಟೆಯ ಓದುಗರು ಒಂದಿಷ್ಟು ಲೆಕ್ಕ ಹಾಕಿ ನೋಡಬೇಕು.

ಕೈ ನುರಿತವನು ರಾಟಿಯ ಮೇಲೆ ತಾಸಿಗೆ ಸುಮಾರು 350 ಗಜ ನೂಲು ತೆಗೆಯಬಲ್ಲನು. ಅಂಗುಲಕ್ಕೆ 40 ಎಳೆಯಂತೆ ಹಾಸು ಹೊಕ್ಕು ಎರಡನ್ನೂ ಹಿಡಿದರೆ ಒಂದು ಚದರ ಗಜ ಬಟ್ಟೆಗೆ 2880 ಗಜ ನೂಲು ಬೇಕು. ವರ್ಷಕ್ಕೆ ಒಬ್ಬನಿಗೆ ಇಪ್ಪತ್ತು ಗಜವೆಂದು ಬಿಗಿಯಾಗಿ ಹಿಡಿದರೂ ಒಂದು ನೂರಾ ಅರವತ್ತೈದು ತಾಸುಗಳ ನೂಲುವಿಕೆಯಾಯಿತು. ಒಬ್ಬಂಟಿಗನಿಗೆ ಇದು ದಿನಕ್ಕೆ ಅರ್ಧ ತಾಸು ಸಹ ಆಗುವುದಿಲ್ಲ. ಆಶ್ರಮದಲ್ಲಿ ಪ್ರಾರ್ಥನೆಯ ಜೊತೆಗೆ ಮುಗಿದುಹೋಗುವ ಕೆಲಸ. ಆದರೆ ಐದು ಜನರ ಒಕ್ಕಲು ಮನೆಯಲ್ಲಿ ನೂಲುವವಳು ಒಬ್ಬಳೇ ಇದ್ದರೆ ಅವಳು ವರ್ಷದ ಎಲ್ಲ ದಿನವೂ ಎರಡು ತಾಸಿಗಿಂತ ಹೆಚ್ಚು ಹೊತ್ತು ರಾಟಿಯ ಮುಂದೆ ಕೂಡಬೇಕು. ಅರಳೆಯನ್ನು ಹಿಂಜುವುದು, ಹಂಜಿ ಮಾಡುವುದು, ನೇಯಿಸುವುದು ಈ ಲೆಕ್ಕದ ಹೊರಗೇ ಉಳಿದವು. ಬಿತ್ತಿಗೆಯ ದಿನಗಳಲ್ಲಿ, ಕಳೆ ತೆಗೆಯುವ ದಿನಗಳಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ ಆ ಎರಡು ತಾಸುಗಳನ್ನು ಅವಳು ಎಲ್ಲಿಂದ ತರಬೇಕು?

ಇಷ್ಟಾದರೂ ಕಷ್ಟ ಮುಗಿಯಲಿಲ್ಲ. ಹೊಸದಾಗಿ ಕಲಿತವರ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ, ಹುರಿಯೂ ಸಾಲದು. ಮಗ್ಗದ ಮೇಲೆ ಹಾಸು ಹರಿದು ಹರಿದು ಬಿದ್ದರೆ ನೇಕಾರನ ದಿನ ವ್ಯರ್ಥವಾಗುತ್ತದೆ. ಅವನು ಗಿರಣಿಯ ನೂಲನ್ನೇ ಬಯಸಿದರೆ ಅವನಲ್ಲಿ ದೇಶಾಭಿಮಾನವಿಲ್ಲವೆಂದು ಹಳಿಯುವುದು ಅನ್ಯಾಯ. ಅವನಿಗೂ ಹೆಂಡಿರು ಮಕ್ಕಳುಂಟು. ಇನ್ನು ಕೂಲಿಯ ಮಾತು. ಅಖಿಲ ಭಾರತ ಚರಕಾ ಸಂಘವು 1925ರಲ್ಲಿ ಹುಟ್ಟಿದ ಮೇಲೆ ಹತ್ತು ವರ್ಷ ನೂಲುವ ಹೆಂಗಸಿಗೆ ಸಿಗುತ್ತಿದ್ದುದು ಪುಡಿಗಾಸು. 1935ರಲ್ಲಿ ಮಹಾತ್ಮರು ಎಂಟು ತಾಸಿನ ಒಳ್ಳೆಯ ಕೆಲಸಕ್ಕೆ ಎಂಟಾಣೆ ಸಲ್ಲಬೇಕೆಂದು ಹಟ ಹಿಡಿದರು. ಸಂಘವು ಅಷ್ಟನ್ನು ಕೊಡಲಾರದೆ ಕಡಿಮೆಗೆ ಇಳಿಯಿತು. ಕೊಟ್ಟಷ್ಟು ಹೆಚ್ಚಿಗೆಗೇ ಖಾದಿಯ ಬೆಲೆ ಏರಿತು. ಬೆಲೆ ಏರಿದೊಡನೆ ಪೇಟೆಯ ದೇಶಭಕ್ತರ ಕೈ ಜೇಬಿನಿಂದ ಹಿಂದೆ ಸರಿಯಿತು. ನೂಲುವವಳಿಗೆ ಹೊಟ್ಟೆ ತುಂಬ ಕೊಟ್ಟರೆ ಕೊಳ್ಳುವವನಿಲ್ಲ, ಕೊಳ್ಳುವವನನ್ನು ಮೆಚ್ಚಿಸಿದರೆ ನೂಲುವವಳಿಗೆ ಅನ್ನವಿಲ್ಲ. ಈ ಗಂಟನ್ನು ಅಂದಿನ ಯಾವ ಆಶ್ರಮವೂ ಪೂರ್ತಿಯಾಗಿ ಬಿಡಿಸಲಿಲ್ಲ. ಬೆಳಗಾವಿಯ ಹತ್ತಿರದ ಹುದಲಿಯಲ್ಲಿ ಗಂಗಾಧರರಾವ ದೇಶಪಾಂಡೆಯವರು ಕಟ್ಟಿದ ಖಾದಿ ಕೇಂದ್ರವು ಗಾಂಧಿ ಸೇವಾ ಸಂಘದ 1937ರ ಸಮ್ಮೇಲನವನ್ನು ಕರೆಯುವಷ್ಟು ಬೆಳೆದಿದ್ದರೂ ಈ ಕಷ್ಟಕ್ಕೆ ಹೊರತಾಗಿರಲಿಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ವಿಪರ್ಯಾಸವುಂಟು. ಹತ್ತಿಯ ನಾಡೆಂದು ಹೆಸರಾದ ಧಾರವಾಡ ಜಿಲ್ಲೆಯ ಒಕ್ಕಲಿಗನು ಬೆಳೆದ ಹತ್ತಿಯನ್ನು ಹುಬ್ಬಳ್ಳಿಯ ಪೇಟೆಗೆ ಹೇರಿ, ಸಾಲ ತೀರಿಸಿ, ಉಳಿದ ಹಣದಲ್ಲಿ ಬಟ್ಟೆ ಕೊಂಡು ಮನೆಗೆ ಹೋಗುತ್ತಿದ್ದನು. ತನ್ನ ಹೊಲದ ಅರಳೆಯಲ್ಲಿ ನಾಲ್ಕು ಸೇರನ್ನು ಮನೆಯಲ್ಲಿರಿಸಿಕೋ ಎಂದು ಅವನಿಗೆ ಹೇಳುವುದಕ್ಕೆ ಆಶ್ರಮವೇ ಬೇಕಾಯಿತು. ಮಾರುವ ಹತ್ತಿಯ ಮೇಲೆ ಸಾಹುಕಾರನ ಕಣ್ಣಿರುವಾಗ ಆ ನಾಲ್ಕು ಸೇರೂ ಸುಲಭವಾಗಿ ಉಳಿಯತಕ್ಕದ್ದಲ್ಲ.

ಜನರು ಕೂಡಿ ಬಾಳುವುದರ ಕಷ್ಟವು ಹಣದ ಕಷ್ಟಕ್ಕಿಂತಲೂ ದೊಡ್ಡದು. ಒಂದೇ ಪಂಕ್ತಿಯಲ್ಲಿ ಎಲ್ಲ ಜಾತಿಯವರೂ ಉಣ್ಣಬೇಕೆಂದಾಗ ಊರು ದೂರ ಸರಿಯುತ್ತದೆ. ಊರನ್ನು ಒಲಿಸಿಕೊಳ್ಳುವುದಕ್ಕಾಗಿ ಪಂಕ್ತಿಯನ್ನು ಬಿಟ್ಟರೆ ಆಶ್ರಮವು ಆಶ್ರಮವಾಗಿ ಉಳಿಯುವುದಿಲ್ಲ. ಸಾಬರಮತಿಯೇ ಆರಂಭದಲ್ಲಿ ಹರಿಜನ ಕುಟುಂಬವೊಂದನ್ನು ಸೇರಿಸಿಕೊಂಡು ದಾನಿಗಳನ್ನು ಕಳೆದುಕೊಂಡಿತು. ಕೊನೆಗೆ 1933ರಲ್ಲಿ ಮಹಾತ್ಮರು ತಾವಾಗಿಯೇ ಅದನ್ನು ವಿಸರ್ಜಿಸಿದರು. ಮಹಾದೇವಪ್ಪನವರಿಗೆ ಒಂದು ಅನುಕೂಲವಿದ್ದಿತು. ಅವರು ಆ ಸೀಮೆಯ ಮಗನೇ ಆಗಿದ್ದು ಆ ಸೀಮೆಯ ಮಾತನ್ನೇ ಆಡುತ್ತಿದ್ದರು. ಹೊರಗಿನಿಂದ ಬಂದ ಉಪದೇಶಕನನ್ನು ಹಳ್ಳಿಯು ಆದರಿಸಬಹುದು, ನಂಬುವುದು ಅಪರೂಪ. ಅವರನ್ನು ಹಳ್ಳಿಯವರು ಎಷ್ಟು ನಂಬಿದ್ದರೆಂಬುದು 1942ರಲ್ಲಿ ತಿಳಿಯಿತು.

ಆ ಆಗಸ್ಟಿನಲ್ಲಿ ನಾಯಕರೆಲ್ಲ ಸೆರೆಯಾದ ಮೇಲೆ ಮಹಾದೇವಪ್ಪನವರು ಭೂಗತರಾದರು. ಅವರ ತಂಡವು ಚಾವಡಿಗಳ ದಫ್ತರಗಳನ್ನು ಸುಟ್ಟಿತು, ಟಪಾಲನ್ನು ಅಪಹರಿಸಿತು, ರೈಲು ನಿಲ್ದಾಣಗಳಿಗೆ ಕೈಯಿಟ್ಟಿತು. ಮನುಷ್ಯಜೀವಕ್ಕೆ ಅಪಾಯ ಮಾಡಬಾರದೆಂಬ ನಿಯಮವನ್ನು ಮಾತ್ರ ಬಿಡಲಿಲ್ಲ. ಇಂಥ ಕೆಲಸ ತಿಂಗಳುಗಟ್ಟಲೆ ನಡೆಯಬೇಕಾದರೆ ಅನ್ನ ಹಾಕುವ ಮನೆಗಳು, ಬಾಯಿ ಬಿಡದ ಜನರು ಬೇಕು. ಅವು ರಾಟಿಯ ಕಾಲದಲ್ಲಿಯೇ ಗಳಿಸಿಟ್ಟ ಬಂಡವಾಳ. ಆದರೆ ಆ ಬಂಡವಾಳವನ್ನು ಹೀಗೆ ವೆಚ್ಚ ಮಾಡಿದುದರ ಬೆಲೆಯನ್ನೂ ಮರೆಯಬಾರದು. ಒಬ್ಬನ ಹೆಗಲ ಮೇಲೆ ನಿಂತ ಆಶ್ರಮವು ಆ ಹೆಗಲು ಬೇರೊಂದು ಭಾರಕ್ಕೆ ಹೋದಾಗ ಕುಸಿಯದೆ ಇರದು. ರಚನೆಯ ಕೆಲಸವೂ ಸಂಗ್ರಾಮವೂ ಒಂದೇ ಎಂದು ಅಂದು ಎಲ್ಲರೂ ನುಡಿಯುತ್ತಿದ್ದರೂ ಎರಡಕ್ಕೂ ಬೇಕಾದ ಮನುಷ್ಯನು ಒಬ್ಬನೇ ಆಗಿದ್ದನು. ಅವರು ಸಂಗ್ರಾಮವನ್ನು ಆರಿಸಿಕೊಂಡದ್ದನ್ನು ತಪ್ಪೆನ್ನಲು ನಾವು ಸಿದ್ಧರಿಲ್ಲ. ಕೊರಡೂರಿಗೆ ನಷ್ಟವಾಗಲಿಲ್ಲವೆನ್ನಲೂ ಸಿದ್ಧರಿಲ್ಲ.

1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಕೂಡಿಹಾಕಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ತಂಡವು ಹೋಯಿತು. ಪೋಲೀಸರು ಗುಂಡು ಹಾರಿಸಿದರು. ಮಹಾದೇವಪ್ಪನವರೂ ಅವರ ಜೊತೆಗಾರರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಅಸುನೀಗಿದರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡು ತುಂಬಿರಲಿಲ್ಲ.

ಸ್ವರಾಜ್ಯ ಬಂದ ಮೇಲೆ ಖಾದಿಯ ಕೆಲಸವು ನಮ್ಮ ಸುತ್ತಲೇ ಬೇರೆ ರೂಪದಲ್ಲಿ ನೆಲೆಯೂರಿತು. ಗರಗದಲ್ಲಿ 1954ರಲ್ಲಿಯೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿಯೂ ಸಂಘಗಳು ಹುಟ್ಟಿ ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದವು. ಹೊಸರಿತ್ತಿಯಲ್ಲಿ 1984ರಲ್ಲಿ ಗಾಂಧಿ ಗ್ರಾಮೀಣ ಗುರುಕುಲವು ಆರಂಭವಾಯಿತು. ಅಲ್ಲಿ ಹಳ್ಳಿಯ ಹುಡುಗರು ಖಾದಿಯುಟ್ಟು ನೂಲುತ್ತಾರೆ, ಹೊಲದಲ್ಲಿ ದುಡಿಯುತ್ತಾರೆ, ಪಾಠವನ್ನೂ ಓದುತ್ತಾರೆ.