ಹಡಗಿನ ಹೆಸರನ್ನೇ ಮನೆತನದ ಹೆಸರಾಗಿ ಪಡೆದ ವಕೀಲ

ಟರ್ಕಿಯ ಕಾನೂನು ಸಚಿವರಾಗಿದ್ದ ಮಹ್ಮೂದ್ ಅಸದ್ ಹುಟ್ಟಿದ್ದು 1892ರಲ್ಲಿ, ಏಜಿಯನ್ ಕಡಲ ದಡದ ಕುಶಾದಾಸಿಯಲ್ಲಿ. ಇಸ್ತಾಂಬುಲ್‌ನಲ್ಲಿ ಕಾನೂನು ಕಲಿತು, ಡಾಕ್ಟರೇಟಿಗಾಗಿ ಸ್ವಿಜರ್‌ಲ್ಯಾಂಡಿಗೆ ಹೋದರು. ಅಲ್ಲಿ ಅವರು ಆರಿಸಿಕೊಂಡ ವಿಷಯ, ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಯುರೋಪಿನವರಿಗಿದ್ದ ವಿಶೇಷ ಹಕ್ಕುಗಳು. ಆ ಕಾಲದಲ್ಲಿ ಯುರೋಪಿನವನೊಬ್ಬ ಟರ್ಕಿಯಲ್ಲಿ ತಪ್ಪು ಮಾಡಿದರೆ ಅವನ ವಿಚಾರಣೆ ಹೆಚ್ಚಾಗಿ ಅವನದೇ ದೇಶದ ಕಾನ್ಸಲ್ ಮುಂದೆ. ಸ್ವಂತ ನೆಲದಲ್ಲೇ ತಮ್ಮ ನ್ಯಾಯಾಲಯಕ್ಕೆ ಬೆಲೆಯಿಲ್ಲವಲ್ಲಾ ಎಂಬ ನೋವು ಆ ಯುವಕನಿಗೆ.

1919ರ ಮೇ ತಿಂಗಳಲ್ಲಿ ಗ್ರೀಕ್ ಸೇನೆ ಇಝ್ಮೀರ್‌ಗೆ ಬಂದಿಳಿಯಿತು. ಮಹ್ಮೂದ್ ಊರಿಗೆ ಮರಳಿ ಹೋರಾಟಕ್ಕೆ ಸೇರಿದರು. 1920ರಲ್ಲಿ ಅಂಕಾರಾದ ಸಂಸತ್ತಿನ ಸದಸ್ಯ, 1922ರಲ್ಲಿ ಅರ್ಥ ಸಚಿವ, 1924ರ ಕೊನೆಗೆ ಕಾನೂನು ಸಚಿವ. ಆಗ ಅವರಿಗೆ ಬರೀ 32 ವರ್ಷ.

ಮರುವರ್ಷ ಅಂಕಾರಾದಲ್ಲಿ ಕಾನೂನು ಶಾಲೆ ತೆರೆಯಿತು. 1926ರಲ್ಲಿ ಸ್ವಿಜರ್‌ಲ್ಯಾಂಡಿನ ಮಾದರಿಯ ನಾಗರಿಕ ಸಂಹಿತೆ ಬಂತು. ಬಹುಪತ್ನಿತ್ವ ನಿಂತಿತು, ಮದುವೆಗೆ ಸರಕಾರಿ ನೋಂದಣಿ ಕಡ್ಡಾಯವಾಯಿತು, ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಶತಮಾನಗಳಿಂದ ಖಾಝಿಗಳು ಶರೀಅತ್‌ನಂತೆ ನೋಡುತ್ತಿದ್ದ ಕೌಟುಂಬಿಕ ವಿಷಯಗಳೆಲ್ಲ ಒಂದೇ ಕಾಯ್ದೆಯಿಂದ ಬದಲಾಗಿ ಹೋದವು. ಹಳ್ಳಿಗಾಡಿನಲ್ಲಿ ಮಾತ್ರ ಎಷ್ಟೋ ವರ್ಷ ಜನ ಇಮಾಮರ ಮುಂದೆ ನಿಕಾಹ್ ಮಾಡಿಸಿ ಅಷ್ಟಕ್ಕೇ ಬಿಡುತ್ತಿದ್ದರು. ಆ ಹೆಂಗಸರಿಗೆ ಕಾನೂನಿನ ಲೆಕ್ಕದಲ್ಲಿ ಹೆಂಡತಿಯ ಹಕ್ಕೇ ಸಿಗಲಿಲ್ಲ.

ಅದೇ ವರ್ಷ ಆಗಸ್ಟ್ 2ರ ರಾತ್ರಿ ಫ್ರಾನ್ಸಿನ ಲೋಟಸ್ ಹಡಗು ನಡುಗಡಲಲ್ಲಿ ಟರ್ಕಿಯ ಬೊಝ್‌ಕುರ್ತ್ ಎಂಬ ಕಲ್ಲಿದ್ದಲು ಹಡಗಿಗೆ ಡಿಕ್ಕಿ ಹೊಡೆಯಿತು. 8 ಮಂದಿ ಟರ್ಕಿಯವರು ಮುಳುಗಿ ಸತ್ತರು. ಲೋಟಸ್ ಇಸ್ತಾಂಬುಲ್ ತಲುಪಿದಾಗ ಅದರ ಅಧಿಕಾರಿಯನ್ನೂ, ಬದುಕುಳಿದ ಬೊಝ್‌ಕುರ್ತ್ ಕಪ್ತಾನನನ್ನೂ ಪೊಲೀಸರು ಹಿಡಿದರು. ಇಬ್ಬರಿಗೂ ಶಿಕ್ಷೆಯಾಯಿತು. ನಮ್ಮ ಬಾವುಟದ ಹಡಗಿನವನನ್ನು ವಿಚಾರಿಸಲು ನೀವ್ಯಾರು ಅಂತ ಫ್ರಾನ್ಸ್ ತಗಾದೆ ತೆಗೆಯಿತು.

ವ್ಯಾಜ್ಯ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಸಚಿವರೇ ವಕೀಲರಾಗಿ ಟರ್ಕಿಯ ಪರ ನಿಂತರು. 1927ರ ಸೆಪ್ಟೆಂಬರ್ 7ರಂದು ನ್ಯಾಯಾಧೀಶರು ಆರಾರು ಮಂದಿಯಾಗಿ ಸಮನಾಗಿ ಒಡೆದರು; ಅಧ್ಯಕ್ಷರ ನಿರ್ಣಾಯಕ ಮತದಿಂದ ಟರ್ಕಿ ಗೆದ್ದಿತು. ಮುಂದೆ ಮನೆತನದ ಹೆಸರು ಕಡ್ಡಾಯವಾದಾಗ ಅವರಿಗೆ ಆ ಮುಳುಗಿದ ಹಡಗಿನ ಹೆಸರೇ ಬಂತು. ಕೇರಳದ ಕಡಲಲ್ಲಿ 2012ರಲ್ಲಿ ಇಬ್ಬರು ಮೀನುಗಾರರನ್ನು ಕೊಂದ ಆರೋಪ ಇಟಲಿಯ ನೌಕಾ ಸೈನಿಕರ ಮೇಲೆ ಬಂದಾಗ ನಮ್ಮ ಸುಪ್ರೀಂ ಕೋರ್ಟಿನಲ್ಲೂ ಈ ತೀರ್ಪಿನ ಚರ್ಚೆ ನಡೆಯಿತು.

ಆದರೆ ಇವರ ಲೆಕ್ಕದಲ್ಲಿ ಕಪ್ಪು ಪುಟವೂ ಇದೆ. 1930ರಲ್ಲಿ ಭಾಷಣವೊಂದರಲ್ಲಿ, ಟರ್ಕರಲ್ಲದವರಿಗೆ ಈ ದೇಶದಲ್ಲಿ ಆಳಾಗಿರುವ ಹಕ್ಕು ಮಾತ್ರ ಎಂಬರ್ಥದ ಮಾತಾಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಸಚಿವಗಿರಿ ಬಿಟ್ಟರು. ಆಮೇಲೆ ಪಾಠ ಹೇಳುತ್ತಾ, ಬರೆಯುತ್ತಾ ಉಳಿದು 1943ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೇಗ್‌ನಲ್ಲಿ ದೊಡ್ಡ ದೇಶದೆದುರು ಸಮಾನ ನ್ಯಾಯ ಕೇಳಿ ಗೆದ್ದವರು, ತಮ್ಮ ದೇಶದ ಸಣ್ಣ ಜನಾಂಗಗಳಿಗೆ ಅದನ್ನು ಕೊಡುವ ಮನಸ್ಸು ಮಾಡಲಿಲ್ಲ.