ಬದುಕಿದ್ದಾಗಲೇ ‘ದಿವಂಗತ’ನಾದವ

ಚಿತ್ರಕಾರ ಮೌರಿತ್ಸಿ ಗಾಟ್‌ಲೀಬ್ ಬದುಕಿದ್ದು ಬರೀ 23 ವರ್ಷ. 1856ರಲ್ಲಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ದ್ರೊಹೋಬಿಚ್ ಊರಿನ ಯಹೂದಿ ಮನೆಯಲ್ಲಿ ಹುಟ್ಟಿದ. ವಿಯೆನ್ನಾದಲ್ಲಿ ಕಲಿತು, ಪೋಲಿಷ್ ಕಲಾವಿದ ಮತೇಯ್ಕೊನ ಶಿಷ್ಯನಾಗಲು ಕ್ರಾಕೋವ್‌ಗೆ ಹೋದ. ಪೋಲೆಂಡೂ ತನ್ನದೇ ಅಂತ ನಂಬಿದ್ದ ಹುಡುಗ; ಪೋಲಿಷ್ ಸರದಾರನ ಉಡುಪಿನಲ್ಲಿ ತನ್ನ ಚಿತ್ರವನ್ನೇ ಬರೆದುಕೊಂಡ. ಸಹಪಾಠಿಗಳ ಯಹೂದಿ ದ್ವೇಷ ತಾಳದೆ ಹೊರಬಿದ್ದ.

1878ರಲ್ಲಿ ಅವನು ಬರೆದ ಯೋಮ್ ಕಿಪ್ಪೂರ್ ಚಿತ್ರವನ್ನು ನಾನು ನೋಡಿರುವುದು ಅಚ್ಚಿನಲ್ಲಷ್ಟೇ. ಮೂಲ ಟೆಲ್ ಅವೀವ್‌ನಲ್ಲಿದೆ. ಉಪವಾಸವಿದ್ದು ಪಾಪಕ್ಷಮೆ ಬೇಡುವ ದಿನ. ಸಿನಗಾಗಿನಲ್ಲಿ ಗಂಡಸರು ಪ್ರಾರ್ಥನೆಯ ಶಾಲು ಹೊದ್ದಿದ್ದಾರೆ, ಹೆಂಗಸರು ಹಿಂದೆ ಮೇಲುಗಡೆ. ಗುಂಪಿನಲ್ಲಿ ಗಾಟ್‌ಲೀಬ್ ಮೂರು ಕಡೆ ಇದ್ದಾನೆ: ಮಗುವಾಗಿ, ಹುಡುಗನಾಗಿ, ತಲೆಗೆ ಕೈಕೊಟ್ಟ ಯುವಕನಾಗಿ. ಪ್ರೀತಿಸಿದ ಲಾರಾ ಎರಡು ಕಡೆ! ಪ್ರೇಮಿಯ ಹುಚ್ಚು ಅನ್ನಿ. ಆದರೆ ಧರ್ಮಗ್ರಂಥದ ಸುರುಳಿಗೆ ತೊಡಿಸಿದ ಬಟ್ಟೆ ನೋಡಿ: ಅದು ದಿವಂಗತ ಗಾಟ್‌ಲೀಬನ ನೆನಪಿಗೆ ಕೊಟ್ಟದ್ದೆಂದು ಹೀಬ್ರೂವಿನಲ್ಲಿ ಬರೆದಿದ್ದಾನೆ. ಸಾವಿನ ಮುನ್ಸೂಚನೆ ಅಂತಾರೆ. ನನಗೆ ಹಾಗನ್ನಿಸೋದಿಲ್ಲ, ಹೊರಗೆ ಜಾಗ ಸಿಗದವನು ತನ್ನವರ ನಡುವೆ ಜಾಗ ಹಿಡಿದಿಟ್ಟುಕೊಂಡ ಹಾಗಿದೆ.

ಮರುವರ್ಷ ಮತ್ತೆ ಕ್ರಾಕೋವ್‌ಗೇ ಬಂದ. ಜುಲೈಯಲ್ಲಿ ತೀರಿಕೊಂಡ. ಅಲ್ಲಿನ ಯಹೂದಿ ಸ್ಮಶಾನದಲ್ಲೇ ಮಣ್ಣು ಮಾಡಿದರು.